ಉಪ್ಪು ನೋಡಲು ಕೊಟ್ಟ ಹಾಡು

ಮದ್ದೂರಿನ ಕೆಂಪರಾಜು ತಮಟೆಗೆ ಒಂದೇ ಒಂದು ಏಟು ಹಾಕಿದರೆ ಸಾಕು, ಅತ್ತ ಶಿವನಸಮುದ್ರದಲ್ಲಿ ಬೀಳುತ್ತಿರುವ ನೀರು ಅರ್ಧದಲ್ಲೇ ನಿಂತು ತಾಳ ಹಾಕುತ್ತದೆ. ಅಲ್ಲಿನ ವಿದ್ಯುತ್ ಕೇಂದ್ರ ಬ್ಲಫಿನಲ್ಲಿ ಕರೆಂಟು ಹೋಗುತ್ತದೆ. ಕೊಕ್ಕರೆ ಬೆಳ್ಳೂರಿನ ಕೊಕ್ಕರೆಗಳು ಒಂಟಿ ಕಾಲಿನ ತಪಸ್ಸು ಬಿಟ್ಟು ಎರಡೂ ಕಾಲಲ್ಲಿ ಕುಣಿಯುತ್ತವೆ. ಸುಳ್ಳು ಅನ್ನುವವರು ಕೊಕ್ಕರೆಗಳನ್ನೇ ಕೇಳಿಕೊಳ್ಳಬಹುದು.

ಇಂಥ ಮಹಾಶಯ ಹಾಡು ಕಟ್ಟಿ ರೆಕಾರ್ಡ್ ಮಾಡಿಕೊಡುವುದು ಹೋಟೆಲೊಂದರ ಮೇಲಿನ ಸಣ್ಣ ಕೋಣೆಯಲ್ಲಿ. ಸದ್ದು ತಡೆಯಲು ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದಾನೆ. ಆದರೂ ಕೆಳಗೆ ವಡೆ ಕರಿಯುವ ಸದ್ದು ಹಾಡಿನೊಳಗೆ ನುಗ್ಗಿದರೆ, "ಅದು ಮಳೆ ಎಫೆಕ್ಟು ಕಣ್ಲಾ" ಅನ್ನುತ್ತಾನೆ.

ಅವನಿಗೆ ಒಂದು ಚಟವಿತ್ತು. ಔತಣದ ಅಡುಗೆಯವರು ಸಾರು ಕುದಿಯುವಾಗ ಸೌಟಿನಲ್ಲಿ ಒಂದಿಷ್ಟು ತೆಗೆದು ಪಕ್ಕದವರ ಅಂಗೈಗೆ ಬಿಟ್ಟು, "ಉಪ್ಪು ನೋಡಿ" ಅನ್ನುತ್ತಾರಲ್ಲ, ಹಾಗೆ ಇವನೂ ಅರ್ಧ ಬೆಂದ ಹಾಡನ್ನು ವಾಟ್ಸಾಪ್ ಗ್ರೂಪಿಗೆ ಬಿಡುತ್ತಿದ್ದ. ಗ್ರೂಪಿನ ಹೆಸರೇ 'ಉಪ್ಪು ನೋಡುವವರು'. ಭೂಮಿಯ ಮೇಲಿನ ಅರ್ಧ ಜನ ಅದರಲ್ಲಿದ್ದರು. ಉಳಿದರ್ಧ ಜನರ ಹತ್ತಿರ ಫೋನಿರಲಿಲ್ಲ.

ಒಂದು ದಿನ ಮಳವಳ್ಳಿಯ ಶೋಭಾರಾಣಿ ಮೆಟ್ಟಿಲು ಹತ್ತಿ ಬಂದರು. ಅವರ ಮಗಳ ಮದುವೆ ಗೊತ್ತಾಗಿತ್ತು. ಮದುವೆಯಾದ ಮೇಲೆ ಬೀಗರ ಔತಣ. ಅಲ್ಲಿ ಹೆಣ್ಣಿನ ಕಡೆಯವರು ಹಾಡಿನಲ್ಲಿ ಗಂಡಿನ ಕಡೆಯವರ ಕಾಲೆಳೆಯಬೇಕು, ಅವರು ಅಲ್ಲೇ ಹಾಡಿನಲ್ಲೇ ಉತ್ತರ ಕೊಡಬೇಕು. ಗಂಡಿನ ಅಜ್ಜಿ ಬೀರಮ್ಮನ ನಾಲಿಗೆಯೆಂದರೆ ಕುಡುಗೋಲು.

"ಕೆಂಪರಾಜಣ್ಣ, ಬೀರಮ್ಮನ ಬಾಯಿ ಕಟ್ಟಂಗೆ ಒಂದು ಆಡು ಬೇಕು. ಔತಣದ ದಿನದವರ್ಗೂ ಯಾರ ಕಿವಿಗೂ ಬೀಳಬಾರ್ದು, ನೋಡಿ ಮತ್ತೆ" ಎಂದರು.

"ನನ್ ಬಾಯಿ ಅಂದ್ರೆ ಬ್ಯಾಂಕ್ ಲಾಕರ್ರು ಕಣಕ್ಕ" ಎಂದ ಕೆಂಪರಾಜು.

ಹಾಡಲು ಕೊಕ್ಕರೆ ಬೆಳ್ಳೂರಿನ ಚಲುವಮ್ಮ ಬಂದಳು. ಸುತ್ತಲಿನ ಊರುಗಳ ಮದುವೆಗಳಲ್ಲೆಲ್ಲ ಸೋಬಾನೆ ಹಾಡಿದ ಗಟ್ಟಿ ದನಿ. ಔತಣ ಮುಗಿದ ಮೇಲೆ ಹಾಡು ಆನ್‌ಲೈನಿಗೆ ಹೋಗಲಿತ್ತು; ಆ ದನಿ ಅವಳ ಹೆಸರಿನ ಜೊತೆ ಅಲ್ಲಿ ಹೊರಬರುವುದು ಇದೇ ಮೊದಲು. ಅಂದು ಅವಳಿಗೆ ನೆಗಡಿ. "ಇದು ಬರೀ ಅಳತೆಗೆ, ಆಮೇಲೆ ಸರಿಯಾಗಿ ಆಡ್ತೀನಿ" ಎಂದು ಕೆಮ್ಮುತ್ತಲೇ ಹಾಡಿದಳು:

"ಬೀಗಿತ್ತಿ ಬಂದ್ಲು ಬಿಂಕದಿಂದ,
ಬಸ್ಸೇ ವಾಲ್ತು ಒಡ್ವೆ ಭಾರದಿಂದ!"

ಕೆಂಪರಾಜುವಿಗೆ ಖುಷಿ ತಡೆಯಲಾಗಲಿಲ್ಲ. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಹಾಡು ಗ್ರೂಪಿಗೆ ಹೋಗಿತ್ತು.

ಮುಂದಿನ ವಾರ ಚಲುವಮ್ಮ ಮದ್ದೂರಿನಲ್ಲಿ ಬಸ್ಸಿಳಿದರೆ ಎದುರಿನ ಆಟೋದಲ್ಲಿ ಅವಳದೇ ದನಿ! ಟೀ ಅಂಗಡಿಯಲ್ಲೂ ಅದೇ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಕೊನೆಯ ಮಿಕ್ಸಿಂಗ್ ಮಾಡಿಕೊಡಲು ಮಂಡ್ಯದಿಂದ ಬಂದಿದ್ದ ದೀಪಿಕ ಅಲ್ಲೇ ಕುಳಿತಿದ್ದಳು.

"ಲೇ ಕೆಂಪ! ನನ್ ಆಡು ನನಗಿಂತ ಮುಂಚೆ ಬಸ್ ಸ್ಟ್ಯಾಂಡ್‌ಗೆ ಬಂದು ಕುಂತದಲ್ಲೋ! ಕೆಮ್ಮಿದ್ದೂ ಅದೆ, ಮೂಗೆಳ್ದಿದ್ದೂ ಅದೆ. ಜನ ಇನ್ಮೇಲೆ ನನ್ನ ಕೆಮ್ಮೋ ಚಲುವಮ್ಮ ಅನ್ನಾಕಿಲ್ವಾ?"

ಅಷ್ಟರಲ್ಲಿ ಶೋಭಾರಾಣಿಯ ಫೋನು. "ಏನಣ್ಣ ನಿಮ್ ಲಾಕರ್ರು? ಬ್ಲಫಿನಲ್ಲಿ ಕೆಲಸ ಮಾಡೋ ಮಹದೇವಸ್ವಾಮಿ ನಿಮ್ ಗ್ರೂಪಲ್ಲವ್ರಂತೆ. ಅವ್ರು ಗಂಡಿನ ಸೋದರಮಾವ! ಬೀರಮ್ಮ ಆಗ್ಲೇ ಉತ್ತರ ಕಟ್ಕಂಡು ಕುಂತವ್ರೆ. ಬುಡಿ, ನಮಗೆ ಆಡೇ ಬ್ಯಾಡ."

"ಅಕ್ಕ, ಬೇರೆ ಆಡು ಕಟ್ತೀನಿ! ಇದೊಂದ್ ಕಿತ ನಂಬಿ" ಎಂದು ಕೆಂಪರಾಜು ಗೋಗರೆದ. ಶೋಭಾರಾಣಿ ಒಲ್ಲದ ಮನಸ್ಸಿನಿಂದ ಹೂಂ ಅಂದರು. ಚಲುವಮ್ಮ ಮಾತ್ರ, "ಇನ್ನೊಂದ್ ಕಿತ ಇಂಗಾದ್ರೆ ನಿನ್ ಮೈಕಿನ ಮುಂದೆ ಬಾಯೇ ತೆಗ್ಯಾಕಿಲ್ಲ" ಎಂದಳು. ಆ ಮಾತು ಅವನ ಎದೆಗೆ ನಾಟಿತು. ಅವಳ ದನಿಯಿಲ್ಲದಿದ್ದರೆ ಅವನ ಕೋಣೆಯಲ್ಲಿ ಉಳಿಯುವುದು ವಡೆಯ ಸದ್ದೊಂದೇ.

"ಎಲ್ಲ ನಮ್ಮೋರೇ ಅಲ್ವ ದೀಪಿಕ? ಕೇಳಿದ್ರೆ ಏನಾಯ್ತದೆ ಅಂದ್ಕಂಡೆ" ಎಂದ.

"ನಮ್ಮೋರೇ ಕಣಣ್ಣ, ಅದಕ್ಕೇ ಇಷ್ಟು ಬೇಗ ಊರೆಲ್ಲ ಹಬ್ಬಿದ್ದು. ಇನ್ಮೇಲೆ ಹಾಡಿನ ಫೈಲನ್ನ ಕಳಿಸ್ಬ್ಯಾಡ. ಆನ್‌ಲೈನಲ್ಲಿ ಒಂದ್ ಕಡೆ ಇಟ್ಟು ಲಿಂಕ್ ಮಾತ್ರ ಕೊಡು. ಯಾರು ಕೇಳ್ಬೇಕೋ ಅವರ ಇಮೇಲ್ ಹಾಕು, ಬೇರೆಯೋರಿಗೆ ತೆರ್ಕಳಲ್ಲ. ಡೌನ್‌ಲೋಡ್ ಬಂದ್ ಮಾಡು. ಪಾಸ್‌ವರ್ಡ್ ಇಡು."

"ಕಳ್ಳ ನನ್ಮಗ ಯಾವನಾದ್ರೂ ಇನ್ನೊಂದ್ ಫೋನ್ ಇಟ್ಕಂಡು ರೆಕಾರ್ಡ್ ಮಾಡ್ಕಂಡ್ರೆ?"

"ಅದನ್ನ ಪೂರ್ತಿ ತಡೆಯಾಕಾಗಲ್ಲ. ಅದಕ್ಕೇ ಒಬ್ಬೊಬ್ಬರಿಗೆ ಬೇರೆ ಬೇರೆ ಪ್ರತಿ ಮಾಡಿ, ಹಾಡಿನ ನಡುವೆ 'ಇದು ಇಂಥೋರಿಗೆ ಕೊಟ್ಟ ಪ್ರತಿ' ಅಂತ ಹೇಳ್ಸಿರು. ಹೊರಗೆ ಹೋದ್ರೆ ಯಾರ ಮನೆಯಿಂದ ಹೋಯ್ತು ಅಂತ ಗೊತ್ತಾಯ್ತದೆ. ಕೆಲಸ ಮುಗಿದ ಮೇಲೆ ಲಿಂಕ್ ಮುಚ್ಬುಡು. ಎಲ್ಲಕ್ಕಿಂತ ಮುಂಚೆ, ಹಾಡಿದೋರ ಒಪ್ಪಿಗೆ ಕೇಳು."

"ಈಗ ಬಂತು ನೋಡು ಮಾತು!" ಎಂದಳು ಚಲುವಮ್ಮ.

ಕಲಿಯಲೆಂದು ಕೆಂಪರಾಜು ಹಳೆಯ ಹಾಡಿಗೇ ಉತ್ಸಾಹದಿಂದ ಲಿಂಕ್ ಮಾಡಿದ, ಪಾಸ್‌ವರ್ಡ್ ಇಟ್ಟ. ಆಮೇಲೆ ಎರಡನ್ನೂ ಒಂದೇ ಮೆಸೇಜಿನಲ್ಲಿ ಬರೆದು 'ಉಪ್ಪು ನೋಡುವವರು' ಗ್ರೂಪಿಗೆ ಹಾಕಲು ಬೆರಳೆತ್ತಿದ. ದೀಪಿಕ ಫೋನು ಕಿತ್ತುಕೊಂಡಳು.

"ಅಣ್ಣೋ! ಬಾಗಿಲಿಗೆ ಬೀಗ ಹಾಕಿ ಅಲ್ಲೇ ಬೀಗದಕೈ ನೇತಾಕ್ತಿದ್ದೀಯಲ್ಲ! ಪಾಸ್‌ವರ್ಡನ್ನ ಫೋನ್ ಮಾಡಿ ಬಾಯಲ್ಲಿ ಹೇಳು."

ಹೊಸ ಹಾಡು ಸಿದ್ಧವಾಯಿತು. ಅದನ್ನು ಮೊದಲೇ ಕೇಳಿದವರು ಚಲುವಮ್ಮ, ದೀಪಿಕ, ಶೋಭಾರಾಣಿ ಮಾತ್ರ. ಗ್ರೂಪಿನವರು "ಹೊಸದೇನೂ ಇಲ್ವಾ?" ಎಂದು ಪೀಡಿಸಿದಾಗ ಕೆಂಪರಾಜು ನಾಲಿಗೆ ಕಚ್ಚಿ ಹಿಡಿದ ರಭಸಕ್ಕೆ ಮದ್ದೂರಿನಲ್ಲಿ ಸಣ್ಣ ಭೂಕಂಪವಾಯಿತು.

ಔತಣದ ದಿನ ಮಳವಳ್ಳಿಗೆ ಹತ್ತು ಸಾವಿರ ಜನ ಬಂದರು. ಮುದ್ದೆಗಳು ಬಂಡೆಯಷ್ಟು ದಪ್ಪ. ಹೆಣ್ಣಿನ ಕಡೆಯವರು ಶುರು ಮಾಡುವ ಮೊದಲೇ ಬೀರಮ್ಮ ಎದ್ದು ನಿಂತು ಕಟ್ಟಿಕೊಂಡು ಬಂದಿದ್ದನ್ನು ಹಾಡಿಬಿಟ್ಟರು:

"ವಾಲಿದ್ದು ಬಸ್ಸಲ್ಲ, ನಿಮ್ಮೂರ ರಸ್ತೆ,
ಗುಂಡಿ ಮುಚ್ಚೋಕೂ ಇಲ್ವ ವ್ಯವಸ್ಥೆ?"

"ಯಾವ ಬಸ್ಸಜ್ಜಿ? ನಾವು ಬಸ್ಸಿನ ಸುದ್ದೀನೇ ಎತ್ತಿಲ್ಲ!" ಎಂದರು ಶೋಭಾರಾಣಿ. ಪೆಂಡಾಲು ಗೊಳ್ಳೆಂದಿತು. ಸ್ಪೀಕರಿನಿಂದ ಚಲುವಮ್ಮನ ದನಿ ಕೆಮ್ಮಿಲ್ಲದೆ, ಗಂಟೆಯ ಹಾಗೆ ಬಂತು:

"ಸಾಕು ಸಾಕು ಅಂದ್ಲು ಬೀಗಿತ್ತಿ ನಾಚಿ,
ಎಲೇನೇ ತಬ್ಕಂಡ್ಲು ಎರಡ್ ಕೈ ಚಾಚಿ!"

ಬೀರಮ್ಮನ ಬಾಯಿ ಕಟ್ಟಿತು. ಮೂರು ದಿನ ಮಾತೇ ಹೊರಡಲಿಲ್ಲ. ನಗುವಿನ ಅಬ್ಬರಕ್ಕೆ ಪೆಂಡಾಲು ಹಾರಿ ಮಂಡ್ಯದಲ್ಲಿ ಬಿತ್ತು. ಮರುದಿನ ಹಾಡು ಆನ್‌ಲೈನಿನಲ್ಲಿ ಬಿಡುಗಡೆಯಾದಾಗ ಎಲ್ಲಕ್ಕಿಂತ ಮೇಲೆ ಚಲುವಮ್ಮನ ಹೆಸರಿತ್ತು.

ಹಾಡು ಕಟ್ಟುವ, ಹಾಡುವ, ಬಾರಿಸುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ! ಬಿಡುಗಡೆಯಾಗದ ಹಾಡನ್ನು ಗ್ರೂಪಿಗೆ ಬಿಡಬೇಡಿ. ಬೇಕಾದವರಿಗಷ್ಟೇ ತೆರೆಯುವ ಲಿಂಕ್ ಕೊಡಿ, ಪಾಸ್‌ವರ್ಡನ್ನು ಬೇರೆಯಾಗಿ ತಿಳಿಸಿ, ಕೆಲಸ ಮುಗಿದೊಡನೆ ಮುಚ್ಚಿ. ಜೊತೆಗೆ ದುಡಿದವರನ್ನು ಕೇಳದೆ ಯಾರಿಗೂ ಕಳಿಸಬೇಡಿ.

ಹಾಗೆ ಉಪದೇಶ ಮಾಡಿದ ಮೇಲೆ, ಬರೆದ ನಾನೂ ಈ ಕಥೆಯನ್ನು ಅಚ್ಚಿಗೆ ಕೊಡುವ ಮುಂಚೆ ಚಲುವಮ್ಮನಿಗೆ ಓದಿ ಹೇಳಲೇಬೇಕಾಯಿತು. ಅವಳು ಎಲೆ ಅಡಿಕೆ ಅಗಿಯುತ್ತ ಕೊನೆಯವರೆಗೂ ಕೇಳಿದಳು.

"ಬೀರಮ್ಮನ ಬಾಯಿ ಕಟ್ತಾ? ಯಾವಾಗ್ಲಾ? ನಿಜ ಬರಿ, ಇಲ್ದಿದ್ರೆ ನಾನು ಒಪ್ಪಾಕಿಲ್ಲ."

ಸರಿ, ನಿಜ ಇಷ್ಟು. ಬಂದಿದ್ದವರು ಒಂದು ಪೆಂಡಾಲಿನಷ್ಟು ಜನ. ಪೆಂಡಾಲು ಎಲ್ಲಿಗೂ ಹಾರಲಿಲ್ಲ. ಬೀರಮ್ಮ ಸುಮ್ಮನಾಗಿದ್ದು ಒಂದು ತುತ್ತು ನುಂಗುವಷ್ಟು ಹೊತ್ತು ಮಾತ್ರ. ಆಮೇಲೆ ಕೈ ತೊಳೆಯದೆ ಎದ್ದು, ಆ ಕ್ಷಣಕ್ಕೆ ಹುಟ್ಟಿದ್ದನ್ನು ಹಾಡಿದರು:

"ತಬ್ಕಳ್ದೆ ಇನ್ನೇನು ಮಾಡ್ಲಿ ಹೇಳವ್ವ,
ಬಡ್ಸೋ ಸೌಟ್ಗೇನೆ ಜಿಪುಣತನ ಕಣವ್ವ!"

ಅದು ಕೆಂಪರಾಜುವಿನ ಹಾಡಿಗಿಂತ ಚೆನ್ನಾಗಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಚಲುವಮ್ಮ.