ಹೊಟ್ಟು

"ಮೂರು ಪ್ಲೇಯರ್ ತಂದೇನ್ರಿ ವೈನಿ, ಯಾವದು ಬೇಕು ನೀವ ನೋಡ್ರಿ," ಎನ್ನುತ್ತ ದಿಲಾವರ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಗಿಸಿದ. ಹೊರಗೆ ಅವನ ಆಟೋ ನಿಂತಿತ್ತು. ಅದರ ನೆತ್ತಿಯ ಮೇಲಿನ ಎರಡು ಮೈಕಿನ ಹಾರ್ನುಗಳು ಎರಡು ತಿಂಗಳಿಂದ ಸುಮ್ಮನಿದ್ದವು.

ರಾಣೆಬೆನ್ನೂರಿನಲ್ಲಿ ಚನ್ನೇಶನ ಮುಖ ಗೊತ್ತಿಲ್ಲದವರಿಗೂ ಅವನ ದನಿ ಗೊತ್ತಿತ್ತು. ನಾಳೆ ನಳದ ನೀರು ಬರುವುದಿಲ್ಲ, ಸೀರೆ ಅಂಗಡಿಯಲ್ಲಿ ಆಷಾಢದ ರಿಯಾಯಿತಿ, ಎಪಿಎಂಸಿಯಲ್ಲಿ ಬೀಜದ ಮೇಳ, ಏನೇ ಇರಲಿ, ಊರಿಗೆ ಸಾರುತ್ತಿದ್ದವನು ಅವನೇ. ನಡುಮನೆಯ ಕಿಟಕಿಗೆ ಕಂಬಳಿ ಹಾಕಿ ಕಂಪ್ಯೂಟರಿನಲ್ಲಿ ದನಿ ತುಂಬುತ್ತಿದ್ದ; ದಿಲಾವರ ಅದನ್ನು ಆಟೋದಲ್ಲಿ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಹುಬ್ಬಳ್ಳಿಯ ಡಾಕ್ಟರರು ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕೊರಳಿನ ಕೆಳಗೊಂದು ರಂಧ್ರ, ಅದರ ಮೇಲೊಂದು ಬಿಳಿ ಬಟ್ಟೆ, ತೊಡೆಯ ಮೇಲೆ ಬರೆಯಲೊಂದು ಪಾಟಿ. ಹೆಂಡತಿ ನಿರ್ಮಲಾಳನ್ನು ಕರೆಯಬೇಕೆಂದರೆ ಚಪ್ಪಾಳೆ ತಟ್ಟುತ್ತಿದ್ದ.

ಕಂಪ್ಯೂಟರೂ ಯಜಮಾನನಂತೆ ಮಲಗಿತ್ತು. ದಿಲಾವರ ರಿಪೇರಿ ಮಾಡಿಸಿ ತಂದಿದ್ದನಾದರೂ ಹಳೆಯ ಪ್ಲೇಯರ್ ಹೋಗಿತ್ತು. ಫೈಲುಗಳಿದ್ದವು, ತೆರೆಯುತ್ತಿರಲಿಲ್ಲ.

"ಮೊದಲನೇದು ಸಾದಾ ಪ್ಲೇಯರ್ ರಿ. ನೀವು ಕೊಟ್ಟ ಫೈಲ್ ಅಷ್ಟ ಹಾಡತೈತಿ, ಉಸಾಬರಿ ಇಲ್ಲ. ಎರಡನೇದು ಬರೇ ಬಣ್ಣ, ದನಿಗೆ ತಕ್ಕಂಗ ಗೆರಿ ಕುಣೀತಾವು. ಮೂರನೇದು ಮೀಡಿಯಾ ಸೆಂಟರ್ ಅಂತ. ಕಂಪ್ಯೂಟರಿನ ಮೂಲಿ ಮೂಲಿ ಹುಡುಕಿ, ಹಾಡು, ವಿಡಿಯೋ, ಫೋಟೋ ಎಲ್ಲಾ ತಂದು ಅಂಗಡ್ಯಾಗ ಹಚ್ಚಿದಂಗ ಸಾಲಾಗಿ ಹಚ್ಚತೈತಿ."

ಚನ್ನೇಶ ಪಾಟಿ ಎತ್ತಿ ತೋರಿಸಿದ: ಮೊದಲನೇದ ಸಾಕು.

"ಮೂರನೇದ ಇರಲಿ. ನಿಮ್ಮ ದನಿ ಎಲ್ಲೆಲ್ಲಿ ಬಿದ್ದೈತೋ, ಎಲ್ಲಾ ಒಂದ ಕಡೆ ಸಿಗಲಿ," ಎಂದಳು ನಿರ್ಮಲಾ.

ಅವನು ಪಾಟಿಯ ಮೇಲೆ ಬೆರಳಿನಿಂದ ಟಕಟಕ ಕುಟ್ಟಿದ. ಸಾಕು ಎಂಬ ಮಾತಿನ ಕೆಳಗೆ ಗೆರೆ ಎಳೆದ, ಇನ್ನೊಂದು ಗೆರೆ ಎಳೆದ. ಇಷ್ಟಕ್ಕೆ ಇಷ್ಟೊಂದು ಹಟವೇಕೆಂದು ನಿರ್ಮಲಾಳಿಗೆ ತಿಳಿಯಲಿಲ್ಲ. ಅವಳಿಗೆ ಬೇಕಾದದ್ದು ಬಹಳ ಸಣ್ಣದು. ಊರಿಗೆ ಸಾರಿದ ದನಿ ಊರಿನವರಿಗಿರಲಿ. ಉಪ್ಪು ಕಡಿಮೆಯಾಗಿದೆ ಎನ್ನುತ್ತಿದ್ದ, ಟವೆಲ್ ಎಲ್ಲಿ ಎನ್ನುತ್ತಿದ್ದ ಮನೆಯ ದನಿ ಎಲ್ಲಾದರೂ ಒಂದು ಚೂರು ಉಳಿದಿದ್ದರೆ ಸಾಕು. ಎರಡು ತಿಂಗಳಲ್ಲೇ ಅದು ನೆನಪಿನಿಂದ ಜಾರುತ್ತಿದೆಯೆಂದು ಅವಳಿಗೆ ದಿಗಿಲು. ಹತ್ತಿರದ ಸಂಬಂಧಿಕರ ಮದುವೆ ವಿಡಿಯೋಗಳಲ್ಲೂ ಅವನು ಮೈಕು ಹಿಡಿದೇ ಮಾತಾಡಿದ್ದ.

"ಎರಡೂ ಹಾಕತೇನಿ ತಗೋರಿ, ಜಗಳ ಬ್ಯಾಡ," ಎಂದು ನಕ್ಕು ದಿಲಾವರ ಎರಡನ್ನೂ ಹಾಕಿದ. ಆಮೇಲೆ ಚನ್ನೇಶನನ್ನು ಆಟೋದಲ್ಲಿ ಕೂಡಿಸಿಕೊಂಡು ಡ್ರೆಸ್ಸಿಂಗ್ ಬದಲಿಸಲು ದವಾಖಾನೆಗೆ ಹೊರಟ. ಹೊಸ್ತಿಲು ದಾಟುವಾಗ ಚನ್ನೇಶ ತಿರುಗಿ ಕಂಪ್ಯೂಟರನ್ನು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಇನ್ನೂ ಯಾರೂ ಕಳ್ಳ ಅಂದಿರಲಿಲ್ಲ.

ಅವರು ಹೋದ ಮೇಲೆ ನಿರ್ಮಲಾ ಮೂರನೆಯದನ್ನು ತೆರೆದಳು. ತೆರೆಯ ಮೇಲೆ ಒಂದು ಚಕ್ರ ಗರಗರ ತಿರುಗಿತು. ಅವಳು ಅಕ್ಕಿ ಆರಿಸಿಕೊಂಡು ಬರುವಷ್ಟರಲ್ಲಿ ಎಲ್ಲವೂ ಸಾಲುಗಟ್ಟಿ ನಿಂತಿತ್ತು. ಮೇಲಿನ ಸಾಲಿಗೆ 'ಕಾಳು' ಎಂದು ಹೆಸರು. ಒತ್ತಿದಳು. "ಸಮಸ್ತ ನಾಗರಿಕ ಬಾಂಧವರಲ್ಲಿ ವಿನಂತಿ..." ಎಂದು ಮನೆ ಗುಡುಗಿತು. ಬೇಗ ನಿಲ್ಲಿಸಿದಳು.

ಅದರ ಕೆಳಗಿನ ಸಾಲು 'ಹೊಟ್ಟು'.

ಚನ್ನೇಶ ಕ್ಯಾಸೆಟ್ಟಿನ ಕಾಲದವನು. ಒಮ್ಮೆ ರೆಕಾರ್ಡಿನ ಗುಂಡಿ ಒತ್ತಿದರೆ ಮುಗಿಯಿತು, ಕೆಲಸ ತೀರುವವರೆಗೆ ನಿಲ್ಲಿಸುತ್ತಿರಲಿಲ್ಲ. ತಪ್ಪಿದರೆ ಮತ್ತೆ ಹೇಳುವುದು, ನಡುವೆ ಚಹಾ ಕುಡಿಯುವುದು, ಬಂದವರೊಡನೆ ಹರಟುವುದು, ಎಲ್ಲವೂ ಒಳಗೇ ತುಂಬುತ್ತಿತ್ತು. ಕೊನೆಗೆ ಚೆನ್ನಾಗಿ ಬಂದದ್ದನ್ನು ಕತ್ತರಿಸಿ ಕಾಳಿಗೆ ಹಾಕಿ, ಉಳಿದದ್ದನ್ನು ಹೊಟ್ಟಿಗೆ ತಳ್ಳುತ್ತಿದ್ದ. ಅಳಿಸು ಎಂದರೆ ಅಳಿಸುತ್ತಿರಲಿಲ್ಲ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ಹೊಟ್ಟನ್ನು ಎಸೆಯುತ್ತಾನೆಯೇ?

ನಿರ್ಮಲಾ ಮೊದಲನೆಯದನ್ನು ಒತ್ತಿದಳು. ಕೆಮ್ಮು. ಕುಕ್ಕರಿನ ಸೀಟಿ. ಆಮೇಲೆ, "ಏ, ಆ ಮಿಕ್ಸರ್ ಬಂದ್ ಮಾಡ. ಇಲ್ಲಿ ಕೆಲಸ ನಡದೈತಿ."

ಅವಳ ಕೈ ಬಾಯಿಗೆ ಹೋಯಿತು. ಅದೇ ದನಿ, ಅದೇ ಸಿಡುಕು. ಇನ್ನೊಂದು ಒತ್ತಿದಳು. "ಏ, ಕೇಳಿಲ್ಲಿ, ಒಂದೀಟ ಬಾ." ದೂರದಿಂದ ಅವಳದೇ ದನಿ: "ಬಂದೆನ್ರೀ, ಒಂದೀಟ ತಡೀರಿ." ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಅವನು ಅವಳ ಹೆಸರು ಹಿಡಿದು ಕರೆದವನಲ್ಲ, 'ಏ, ಕೇಳಿಲ್ಲಿ' ಎಂಬುದೇ ಅವಳ ಹೆಸರು. ಅದನ್ನೇ ನಾಲ್ಕು ಸಲ ಹಾಕಿ ಕೇಳಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಹೋಗಿರಲಿಲ್ಲ, ಇಲ್ಲೇ ಇತ್ತು.

ಐದನೆಯದರಲ್ಲಿ ದಿಲಾವರನ ದನಿ ಇತ್ತು.

"ಅಣ್ಣಾ, ಡಾಕ್ಟರ್ ಖರೇನ ಹಂಗ ಅಂದ್ರೇನು?"

"ಹ್ಞೂಂ. ಸಣ್ಣದೈತಿ, ಈಗ ಏಳು ವಾರ ಕರೆಂಟ್, ಅದ ರೇಡಿಯೇಷನ್, ಕೊಟ್ರ ಹೋಗತೈತಿ, ದನಿ ಉಳೀತೈತಿ ಅಂದ್ರು."

"ಮತ್ತ ಲಗೂನ ಹೋಗಿ ಬಾ."

"ಏಳು ವಾರ ಬಾಯಿ ಮುಚ್ಚಿಕೊಂಡು ಹುಬ್ಬಳ್ಳ್ಯಾಗ ಕುಂದ್ರಂದ್ರ ಹೆಂಗೋ? ಗಣಪತಿ ಬಂತು, ಮುಂದ ದೀಪಾವಳಿ. ಈ ಸೀಸನ್ನಿಗೆ ಬ್ಯಾರೇ ಯಾರದರ ದನಿ ಊರಾಗ ಕೇಳಿತಂದ್ರ ನನ್ನ ಮರತ ಬಿಡತಾರ. ಹಬ್ಬ ಮುಗೀಲಿ ತಡಿ."

"ವೈನಿಗೆ ಹೇಳಿಯಿಲ್ಲೋ?"

"ಬಾಯಿ ಬಿಟ್ಟಿ ಅಂದ್ರ ನೋಡ ಮತ್ತ. ಬರೇ ಕೆಮ್ಮು ಅಂತ ತಿಳದಾಳ, ಕಷಾಯ ಮಾಡಿ ಕೊಡಾಕತ್ತಾಳ. ಹಂಗ ಇರ್ಲಿ."

ನಿರ್ಮಲಾ ಅದನ್ನು ಎರಡನೆಯ ಸಲ ಹಾಕಲಿಲ್ಲ. ಫೈಲಿನ ಕೆಳಗೆ ತಾರೀಖಿತ್ತು: ಗಣಪತಿ ಹಬ್ಬಕ್ಕೆ ಹತ್ತು ದಿನ ಮೊದಲು. ಅಲ್ಲಿಂದ ಸಂಕ್ರಾಂತಿಯವರೆಗೆ ಅವಳು ದಿನಕ್ಕೆರಡು ಸಲ ಶುಂಠಿ ಕುಟ್ಟಿದ್ದಳು, ಮೆಣಸು ಅರೆದಿದ್ದಳು, ಹಾಲಿಗೆ ಅರಿಷಿಣ ಹಾಕಿದ್ದಳು. ಆಪರೇಷನ್ನಿನ ಹಿಂದಿನ ದಿನ ಬ್ಯಾಡಗಿಯಿಂದ ಬಂದ ಅವನ ಅಕ್ಕ ಗುತ್ತೆವ್ವ, ವಾರ್ಡಿನಲ್ಲಿ ನಾಲ್ಕು ಮಂದಿಯೆದುರು ಕೇಳಿದ್ದಳು: "ತಿಂಗಳಾನಗಟ್ಟಲೆ ಕಷಾಯ ಕುಡಿಸಿಗೋತ ಕುಂತಿದ್ದೆಲ್ಲವಾ, ದವಾಖಾನಿ ದಾರಿ ಕಾಣಲಿಲ್ಲೇನ ನಿನಗ? ಕೈಯಾರೆ ಅವನ ದನಿ ಕಳದಿ."

ತಪ್ಪು ತನ್ನದೇ ಎಂದು ನಿರ್ಮಲಾ ನಂಬಿದ್ದಳು. ಅಂದಿನಿಂದ ಇಂದಿನವರೆಗೂ ಅದು ಅವಳ ಎದೆಯಲ್ಲಿ ಕೂತಿತ್ತು. ಚನ್ನೇಶ ಅಂದು ಮಂಚದ ಮೇಲೆ ಕೂತು ಎಲ್ಲವನ್ನೂ ಕೇಳಿದ್ದ. ಆಗ ಅವನಿಗೆ ಇನ್ನೂ ದನಿ ಇತ್ತು.

ಆಟೋ ಬಂತು. ದಿಲಾವರ ಬಾಗಿಲಲ್ಲಿ ಇಳಿಸಿ, "ಸಂಜೀಕ ಬರತೇನ್ರಿ ವೈನಿ," ಎಂದು ಕೂಗಿ ಹೋದ. ಒಳಗೆ ಬಂದ ಚನ್ನೇಶ ತೆರೆಯ ಮೇಲಿನ ಸಾಲುಗಳನ್ನು ನೋಡಿದ, ಅವಳ ಮುಖ ನೋಡಿದ. ಕುರ್ಚಿಯ ಬೆನ್ನು ಹಿಡಿದು ನಿಂತ.

"ಕೇಳಿದೆ," ಎಂದಳು ನಿರ್ಮಲಾ. "ಕರೆಂಟ್ ಕೊಟ್ರ ದನಿ ಉಳೀತಿತ್ತಂತ. ಊರು ಮರೀತೈತಿ ಅಂತ ಊರಿಗೆ ಹೆದರಿದ್ರಿ. ಹೋಗ್ಲಿ, ಅದು ನಿಮ್ಮ ಜೀವ, ನಿಮ್ಮ ದನಿ. ಆದರ ನಿಮ್ಮಕ್ಕ ನನಗ ಹಂಗ ಅಂದಾಗ ಒಂದು ಮಾತು ಆಡಾಕ ಏನಾಗಿತ್ರಿ? ಅಕೀದೇನೂ ತಪ್ಪಿಲ್ಲ ಅಂತ ಒಂದು ಮಾತು."

ಅವನು ಕೂತು ಪಾಟಿ ತೆಗೆದುಕೊಂಡ. 'ಅವಾಗ' ಎಂದು ಬರೆದ. ಅಂಗೈಯಿಂದ ಒರೆಸಿದ. ಮತ್ತೆ 'ನಾನು' ಎಂದು ಬರೆದ. ಬಳಪ ಮುರಿಯಿತು. ಕೊರಳಿನ ಬಟ್ಟೆ ಉಸಿರಿಗೆ ಮೇಲೇಳುತ್ತ ಕೆಳಗಿಳಿಯುತ್ತ ಇತ್ತು. ಮಾತು ಬಾರದವನನ್ನು ಬೈಯುವುದೆಂದರೆ ಕಟ್ಟಿಹಾಕಿದ ದನವನ್ನು ಹೊಡೆದಂತೆ. ಹೊಡೆಯಲೂ ಆಗದೆ, ಬಿಡಲೂ ಆಗದೆ ನಿರ್ಮಲಾ ಎದ್ದು ಅಡುಗೆಮನೆಗೆ ಹೋದಳು.

ಅಕ್ಕಿ ತೊಳೆದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ಬ್ಯಾಡಗಿಗೆ ಈಗಲೇ ಫೋನು ಮಾಡಬೇಕು, ಇದನ್ನು ಗುತ್ತೆವ್ವನ ಕಿವಿಗೆ ಹಿಡಿಯಬೇಕು ಎನಿಸಿತು. ಮರುಕ್ಷಣ, ಕೇಳಿಸಿ ಬರುವುದಾದರೂ ಏನು ಎನಿಸಿತು. ನಡುಮನೆಯಿಂದ ಒಂದು ಚಪ್ಪಾಳೆ ಕೇಳಿತು. ಸ್ವಲ್ಪ ತಡೆದು ಇನ್ನೊಂದು. ಅವಳು ಒಲೆ ಹೊತ್ತಿಸಿ ಕುಕ್ಕರ್ ಇಟ್ಟಳು. ಎರಡು ತಿಂಗಳಲ್ಲಿ ಚಪ್ಪಾಳೆ ಕೇಳಿಯೂ ಅವಳು ಹೋಗದೆ ಉಳಿದದ್ದು ಇದೇ ಮೊದಲು.

ಚಪ್ಪಾಳೆ ನಿಂತಿತು. ಕುರ್ಚಿ ಎಳೆದ ಸದ್ದು. ಮೌಸಿನ ಟಿಕ್, ಟಿಕ್. ಯಾವುದೋ ಕೆಮ್ಮು ಅರ್ಧಕ್ಕೆ ಕಡಿಯಿತು, ಏನನ್ನೋ ಹುಡುಕುತ್ತಿದ್ದ.

"ಏ, ಕೇಳಿಲ್ಲಿ, ಒಂದೀಟ ಬಾ."

ನಿರ್ಮಲಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಉತ್ತರ ಗಂಟಲಿನವರೆಗೆ ಬಂತು. ಹಲ್ಲು ಕಚ್ಚಿ ಹಿಡಿದಳು.

ನಡುಮನೆಯಿಂದ, ಏನೂ ಗೊತ್ತಿಲ್ಲದ ಹೋದ ವರ್ಷದ ಅವಳ ದನಿಯೇ ಹೇಳಿತು: "ಬಂದೆನ್ರೀ, ಒಂದೀಟ ತಡೀರಿ."