ರೇಬರ್ನ್ ಪೆಲ್‌ನ ಗಂಟಲು

ಕಾರಿನ ಮುಂಗಾಜಿಗೆ ಬಡಿದ ಮಿಡತೆಯ ಹಸಿರು ರಸ ಬಿಸಿಲಿಗೆ ಒಣಗುತ್ತಿದೆ, ಕಾಲೊಂದು ಇನ್ನೂ ಅಲುಗುತ್ತಿದೆ, ಗಾಳಿಗೋ ಜೀವಕ್ಕೋ ತಿಳಿಯದು, ಲಾಂಜೊ ಟ್ಯಾಕೆಟ್ ಹಿಂದಿನ ಸೀಟಿನಿಂದ ಅದನ್ನೇ ನೋಡುತ್ತಾನೆ, ಬೆನ್ನ ಹಿಂದೆ ಬೇಡಿ ಬಿಗಿದ ಮಣಿಕಟ್ಟು ಮರಗಟ್ಟಿದೆ, ಗಿಟಾರ್ ನುಡಿಸುವ ಕೈಗೆ ರಕ್ತ ಓಡದಿದ್ದರೆ ಹೇಗೆ — ಸ್ವಲ್ಪ ಸಡಿಲ ಮಾಡಿ ಸಾಹೇಬ್ರೇ ಅಂದರೆ, ಕಾರು ಓಡಿಸುತ್ತಿದ್ದ ಹೋಬರ್ಟ್ ಗಲ್ಲಿ ಎಂಬ ಪೊಲೀಸಿನವನು ಕನ್ನಡಿಯಲ್ಲೇ ನಕ್ಕ, ಯಾಕೆ, ಇವತ್ತೇನ್ ಕಛೇರಿ ಐತೇನಯ್ಯ ನಿಂದು. ಅಂಗಿಯ ಮೇಲಿನ ರಕ್ತ ತನ್ನದಲ್ಲ, ಅದನ್ನು ಯೋಚಿಸಬಾರದು, ಹೊರಗೆ ನೋಡಬೇಕು, ಆರ್ಕನ್ಸಾದ ಹತ್ತಿಹೊಲಗಳು ಬಿಳಿಯಾಗಿ ಸುಡುತ್ತಿವೆ, ಇಲ್ಲೇ ರೇಬರ್ನ್ ಪೆಲ್ ಜತೆ ಬಗ್ಗಿ ಹತ್ತಿ ಬಿಡಿಸಿದ್ದು, ಸಾಲು ಮುಗಿಯುವತನಕ ಇಬ್ಬರೂ ಹಾಡಿದ್ದು, ಅಗೋ ಹತ್ತಿಯ ಬೀಜ ತೆಗೆಯುವ ಆ ಗಿರಣಿ, ಅದರ ಗರಗಸದ ಹಲ್ಲಿಗೆ ರೇಬರ್ನ್‌ನ ಅಂಗಿತೋಳು ಸಿಕ್ಕಿದಾಗ ಎಳೆದು ಬಿಡಿಸಿದ್ದು ಯಾರು, ಅವನ ತೋಳು ಉಳಿಯಿತು, ಲಾಂಜೊನ ಎಡ ಕಿರುಬೆರಳ ತುದಿ ಹತ್ತಿಯ ಜತೆ ಹೋಯಿತು, ಸಾಯೋವರ್ಗೂ ನಿನ್ ಕೈ ಬಿಡಲ್ಲ ಕಣೋ ಅಂತ ರೇಬರ್ನ್ ಬಿಕ್ಕಿ ಬಿಕ್ಕಿ ಅತ್ತಿದ್ದ. ಉಳಿದ ಬೆರಳುಗಳಲ್ಲೇ ತಂತಿ ಜಗ್ಗಿ ಜಗ್ಗಿ ಹುಟ್ಟಿಸಿದ ನಾದ, ಬಿಕ್ಕಳಿಕೆಯಂಥದ್ದು, ಮೆಂಫಿಸ್‌ನಲ್ಲಿ ಮುದ್ರಿಸಿದ ಹನ್ನೆರಡು ಹಾಡುಗಳಲ್ಲೂ ಅದೇ, ಆ ಬಿಕ್ಕಳಿಕೆಯ ಮೇಲೆ ಕಾಲೂರಿಯೇ ರೇಬರ್ನ್ ಹಾಡಿದ್ದು — ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಆ ಹಾಡುಗಳ ಆಲ್ಬಮ್ ಕಂಡಿತು, ರಟ್ಟಿನ ಮೇಲೆ ರೇಬರ್ನ್ ಒಬ್ಬನೇ ಹಲ್ಲು ಕಿರಿಯುತ್ತಾನೆ, ಪಕ್ಕದಲ್ಲಿ ನಿಂತಿದ್ದ ಲಾಂಜೊನನ್ನು ಚಿತ್ರದಿಂದ ಕತ್ತರಿಸಿ ಎಸೆದಿದ್ದಾರೆ, ಅಂಚಿನಲ್ಲಿ ತಂತಿ ಒತ್ತಿದ ಕೈ ಮಾತ್ರ, ತುದಿಯಿಲ್ಲದ ಆ ಬೆರಳು, ತಿರುಗಿಸಿದರೆ ಹಿಂದೆ, ಹಾಡು ಮತ್ತು ಗಿಟಾರ್, ರೇಬರ್ನ್ ಪೆಲ್. ಕಣ್ಣು ಕತ್ತಲಿಟ್ಟಿತು. ಕುಣಿತದ ಸಭಾಂಗಣದಲ್ಲಿ ಸಂಜೆಯ ಆಟಕ್ಕೆ ರೇಬರ್ನ್ ಮೈಕು ಪರೀಕ್ಷಿಸುತ್ತಿದ್ದ, ಒಂದು, ಎರಡು, ಮೂರು, ಲಾಂಜೊ ರಟ್ಟನ್ನು ಅವನ ಮುಖಕ್ಕೆ ಹಿಡಿದ, ಇದೇನೋ ಇದು, ಕಂಪನಿಯೋರು ಮಾಡಿದ್ದು ಕಣೋ ನಾನೇನ್ ಮಾಡ್ಲಿ ಅಂದ ರೇಬರ್ನ್, ನಿನ್ ಬಾಯಿ ಬಿದ್ದೋಗಿತ್ತಾ, ಅದಕ್ಕೆ ಅವನು ನಕ್ಕುಬಿಟ್ಟ, ಬೆರಳಾದ್ರೂ ಬಂದಿದ್ಯಲ್ಲೋ, ಖುಷಿಪಡು. ಮೊದಲ ಗುದ್ದಿಗೇ ರೇಬರ್ನ್‌ನ ಮುಂಬಲ್ಲು ಹಾರಿತು, ಅವನು ಮಂಡಿಯೆತ್ತಿ ಹೊಟ್ಟೆಗೆ ಹಾಕಿದ, ಇಬ್ಬರೂ ಡ್ರಮ್ಮುಗಳ ಮೇಲೆ ಬಿದ್ದರು, ಲಾಂಜೊನ ಕಿವಿ ಅವನ ಹಲ್ಲಿಗೆ ಸಿಕ್ಕಿ ಹರಿಯಿತು, ಕೈಗೆ ಎಟುಕಿದ್ದು ಮೈಕಿನ ಕಬ್ಬಿಣದ ಕೋಲು, ಬೀಸಿದ್ದು ತಲೆಗೆ, ದೇವರಾಣೆ ತಲೆಗೇ, ರೇಬರ್ನ್ ಗದ್ದ ಎತ್ತಿದ, ಕೋಲು ಗಂಟಲಿಗೆ ಬಿತ್ತು, ಒಣ ಜೋಳದ ದಂಟು ಮುರಿದಂತೆ ಲಟಕ್ಕೆಂದಿತು, ಉರುಳಿದ ಮೈಕು ಆ ಸದ್ದನ್ನು ಖಾಲಿ ಸಭಾಂಗಣದ ತುಂಬ ಕೇಳಿಸಿತು — ಮುಂದಿನ ಸೀಟಿನಲ್ಲಿ ಗಲ್ಲಿ ರೇಡಿಯೋ ತಿರುಗಿಸುತ್ತಾನೆ, ಬೇಡ, ಬೇರೆ ಏನಾದರೂ ಬರಲಿ, ಆದರೆ ಅದೇ, ಮೊದಲು ಗಿಟಾರ್, ಜಗ್ಗಿದ ತಂತಿ, ಆಮೇಲೆ ರೇಬರ್ನ್‌ನ ಜೇನಿನಂಥ ಕಂಠ, ಜೀವಕ್ಕೇನೂ ಆಗಲ್ವಂತೆ ಕಣಯ್ಯ ಅನ್ನುತ್ತಾನೆ ಗಲ್ಲಿ, ಡಾಕ್ಟ್ರು ಹೇಳಿದ್ರು, ಮಾತು ಮಾತ್ರ ಇನ್ ಬರಲ್ಲ, ಹಾಡಂತೂ ಮುಗೀತು, ಥೂ, ಆ ಗಿಟಾರ್ ಕೇಳು, ಎಂಥಾ ಮನುಷ್ಯನ್ನ ಹಾಳ್ ಮಾಡ್ದೆ. ಅದು ನಾನು ಸಾಹೇಬ್ರೇ. ನೀನಾ, ಹೋಗೋಲೇ, ನನ್ ಮಗಳತ್ರ ಆ ಆಲ್ಬಮ್ ಐತೆ, ಅದ್ರ ಹಿಂದೆ ಬರೆದಿರೋದು ಓದೀನಿ. ಹೌದು, ಆ ಗಿಟಾರ್ ಲಾಂಜೊನದೇ ಅನ್ನಬಲ್ಲ ಗಂಟಲು ಲೋಕದಲ್ಲಿ ಒಂದೇ ಒಂದಿತ್ತು, ಅದು ಸಭಾಂಗಣದ ನೆಲದ ಮೇಲೆ ಬಿದ್ದಿತ್ತು, ರೇಬರ್ನ್ ಅವನನ್ನೇ ನೋಡುತ್ತ ಬಾಯಿ ತೆರೆದಿದ್ದ, ಬೈಯಲಿಕ್ಕಲ್ಲ, ಕರೆಯಲು, ತುಟಿ ಲಾಂಜೊ ಎಂಬ ಹೆಸರಿನ ಕೊನೆಗೆ ಬಂದು ದುಂಡಗಾಯಿತು, ಸದ್ದಿಲ್ಲ, ಅಲ್ಲೊಂದು ರಕ್ತದ ಗುಳ್ಳೆ ಉಬ್ಬಿತು, ಒಡೆಯಿತು, ರೇಡಿಯೋದಲ್ಲಿ ಕಂಠ ಮೇಲೇರುತ್ತಿದೆ, ತುಟಿ ದುಂಡಗಾಗುತ್ತದೆ, ಗುಳ್ಳೆ ಉಬ್ಬುತ್ತದೆ, ಒಡೆಯುತ್ತದೆ, ಮತ್ತೆ ತುಟಿ, ಮತ್ತೆ ಗುಳ್ಳೆ, ಗುಳ್ಳೆ —