ಮೆಟ್ಟಿಲು ಹತ್ತಿದ ರಕ್ತ

"ನೀನು ದೊಡ್ಡೋಳಾಗು ಗುಬ್ಬಿ, ಲಿಫ್ಟಿನ ನೆತ್ತಿ ಮೇಲೆ ಕೂರಿಸ್ಕೊಂಡು ಒಂದು ಸಲ ತುದೀವರೆಗೂ ಕರ್ಕೊಂಡು ಹೋಗ್ತೀನಿ," ಎಂದು ಅಕ್ಕ ಮಾತು ಕೊಟ್ಟಿದ್ದಳು. ಆಗವಳು ಲಿಫ್ಟ್ ರಿಪೇರಿ ಕೆಲಸಕ್ಕೆ ಹೊಸಬಳು. ತಂಗಿಗೆ ಹಾಲುಹಲ್ಲು ಬೀಳುವ ವಯಸ್ಸು.

ಗುಬ್ಬಿ ಬೆಳೆದು ಮಿದುಳಿನ ಪ್ರಯೋಗಾಲಯ ಸೇರಿದಳು. ಮಾತು ಹಾಗೇ ಉಳಿದಿತ್ತು. ಕಳೆದ ವರ್ಷ ಅಕ್ಕ ಒಳಗಿದ್ದಾಗಲೇ ಒಂದು ಲಿಫ್ಟ್ ಜಾರಿತು. ವೇಗ ಮಿತಿಮೀರಿದೊಡನೆ ಗವರ್ನರ್ ಎಂಬ ಕಾವಲುಚಕ್ರ ಬ್ರೇಕು ಕಚ್ಚಿಸಿದ್ದರಿಂದ ಜೀವ ಉಳಿಯಿತು. ಆದರೆ ಅಂದಿನಿಂದ ಲಿಫ್ಟಿನ ಬಾಗಿಲು ತೆರೆದರೆ ಸಾಕು, ಅವಳ ಎದೆ ನಗಾರಿ. ವರ್ಕ್‌ಶಾಪಿನ ಮೂಲೆಯಲ್ಲಿ ಮೋಟರಿಗೆ ಗ್ರೀಸು ಹಚ್ಚುತ್ತ ದಿನ ದೂಡುತ್ತಿದ್ದಳು.

ಸಂಶೋಧನೆಗೆ ಆರಾಮವಾಗಿ ಕೂತವರ ರಕ್ತ ಬೇಕೆಂದು ತಂಗಿ ಕರೆದಳು. ಪ್ರಯೋಗಾಲಯ ಏಳನೇ ಮಹಡಿ. ಲಿಫ್ಟ್ ರಿಪೇರಿಯವಳೇ ಲಿಫ್ಟಿಗೆ ಹೆದರುವುದನ್ನು ಕಂಡು ನಾಲ್ಕು ಜನ ನಕ್ಕಾರೆಂದು ಅಕ್ಕ ಕಳ್ಳಬೆಕ್ಕಿನಂತೆ ಮೆಟ್ಟಿಲು ಓಡಿ ಹತ್ತಿದಳು. "ಹೊರಗೇ ಕೂತು ಸುಧಾರಿಸ್ಕೊಂಡೆ, ತಗೋ," ಎಂದು ಸುಳ್ಳು ಹೇಳಿ ಕೈ ಚಾಚಿದಳು.

ಮುಂದಿನ ವಾರ ತಂಗಿ ಕೇಳಿದಳು: "ನಿಜ ಹೇಳಕ್ಕಾ, ಅವತ್ತು ಲಿಫ್ಟಲ್ಲಿ ಬಂದ್ಯಾ?"

"ಇನ್ನೇನು, ಹಾರ್ಕೊಂಡು ಬಂದ್ನಾ?"

"ನಿನ್ನ ರಕ್ತ ಮೆಟ್ಟಿಲು ಹತ್ತಿದ ಹಾಗಿದೆ. ಗಾಂಜಾದಲ್ಲಿರೋ ಅಮಲಿನ ಅಂಶದ ದಾಯಾದಿಯಂಥ ಒಂದು ಪದಾರ್ಥ ಅದರಲ್ಲಿ ಏರಿದೆ."

"ಥೂ! ನಾನು ಅದನ್ನ ಮೂಸಿಯೂ ನೋಡಿಲ್ಲ ಕಣೇ!"

ತಂಗಿ ಬಿದ್ದು ಬಿದ್ದು ನಕ್ಕಳು. "ನಮ್ಮ ಮೈಯೇ ಮಾಡ್ಕೊಳ್ಳುತ್ತೆ. ಓಡಿ ಹತ್ತಿದ್ರೆ ಹೆಚ್ಚುತ್ತೆ. ಮಿದುಳಲ್ಲಿ ಭಯದ ಒಂದು ನರಕೋಶ ಕೂಗ್ತಾನೇ ಇದ್ರೆ, ಕೇಳಿಸ್ಕೊಳ್ಳೋ ನರಕೋಶ ಇದನ್ನ ಆಗಿಂದಾಗ್ಗೆ ತಯಾರಿಸಿ ವಾಪಸ್ ಕಳಿಸುತ್ತೆ: ಸಾಕು, ಮೆಲ್ಲಗೆ ಅಂತ."

ಅಕ್ಕನಿಗೆ ಗವರ್ನರ್ ನೆನಪಾಯಿತು. ತನ್ನನ್ನು ಉಳಿಸಿದ ಚಕ್ರವನ್ನು ಅವಳು ಎಷ್ಟೋ ಸಲ ಬಿಚ್ಚಿ ಜೋಡಿಸಿದ್ದಳು. ಅಂಥದ್ದೇ ಒಂದು, ಯಾರೂ ಗ್ರೀಸು ಹಚ್ಚದೆ, ಹುಟ್ಟಿದಾಗಿನಿಂದ ತನ್ನ ತಲೆಯೊಳಗೇ ತಿರುಗುತ್ತಿತ್ತೇ!

"ಹಂಗಾದ್ರೆ ಭಯ ಹೋಗುತ್ತಾ?"

"ಒಂದು ಶೀಶೆ ರಕ್ತ ನೋಡಿ ಹೇಳೋಕಾಗಲ್ಲ. ಭಯ ಹೋಗ್ಬೇಕಂದ್ರೆ ಅದರ ಹತ್ರಾನೇ ಹೋಗ್ಬೇಕು. ಇದು ಕೈ ಹಿಡೀಬಹುದು, ಅಷ್ಟೆ."

ಅಕ್ಕ ಹತ್ತಿರ ಹೋಗತೊಡಗಿದಳು. ಮೊದಲು ನಿಂತ ಲಿಫ್ಟಿನ ಹೊಸ್ತಿಲು. ಆಮೇಲೆ ಒಳಗೆ, ಬಾಗಿಲು ತೆರೆದಿಟ್ಟು. ಆಮೇಲೆ ಒಂದು ಮಹಡಿ. ಪ್ರತಿ ಸಲವೂ ಎದೆ ಹೊಡೆದುಕೊಳ್ಳುತ್ತಿತ್ತು, ಅವಳು ಕಣ್ಣು ಮುಚ್ಚಿ ಕಾಯುತ್ತಿದ್ದಳು. ಎಲ್ಲಿಂದಲೋ, ಯಾರೋ ಹಿಂದಿರುಗಿ 'ಸಾಕು' ಅಂದಂತೆ, ಬಡಿತ ಮೆಲ್ಲಗೆ ಇಳಿಯುತ್ತಿತ್ತು. ಕೆಲವು ದಿನ ಇಳಿಯುತ್ತಲೇ ಇರಲಿಲ್ಲ. ಆ ದಿನ ಮೆಟ್ಟಿಲೇ ಗತಿ.

ಒಂದು ರಜೆಯ ಬೆಳಿಗ್ಗೆ ತಂಗಿಗೆ ಹೆಲ್ಮೆಟ್ ತೊಡಿಸಿ, ಸೊಂಟಕ್ಕೆ ಪಟ್ಟಿ ಬಿಗಿದು, ಲಿಫ್ಟಿನ ನೆತ್ತಿಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು.

"ಅಕ್ಕಾ, ಯಾಕೆ ಕಣ್ಣು ಮುಚ್ಕೊಂಡೆ?"

"ಸುಮ್ನಿರೇ, ತಲೆಯೊಳಗಿನೋರು ಕೆಲಸ ಮಾಡ್ತಿದ್ದಾರೆ."

ಅಕ್ಕ ನೆತ್ತಿಯ ಮೇಲಿನ ರಿಪೇರಿ ಗುಂಡಿ ಒತ್ತಿದಳು. ಲಿಫ್ಟ್ ತುದಿಯವರೆಗೂ ಹೋಯಿತು. ಅಕ್ಕ ಕೊಟ್ಟ ಮಾತು ನಡೆಸಿಕೊಟ್ಟಳು.